ಯಾಲ್ಚೆ ಇಟ್ಟ ಎರಡು ಬಟ್ಟಲು

ಯಾಲ್ಚೆಗೆ ಒಬ್ಬಳು ಸವತಿ ಇದ್ದಳು. ಸತ್ತವಳು. ಯಾಲ್ಚೆ ಈ ಮನೆಯ ಹೊಸ್ತಿಲು ತುಳಿಯುವ ಮುಂಚೆಯೇ ತೀರಿಕೊಂಡು, ಊರಾಚೆಯ ಬರ್ಚ್ ಮರಗಳ ತೋಪಿನಲ್ಲಿ ಮಣ್ಣಾದವಳು. ಬೇರೆ ಕಡೆಯಾದರೆ ಇಂಥವಳನ್ನು ಯಾರೂ ಸವತಿ ಎನ್ನುವುದಿಲ್ಲ. ಆದರೆ ಉರಾಲ್ ಬೆಟ್ಟಗಳ ಈಚೆಗಿರುವ ನಮ್ಮ ಮಾರೀ ಜನರ ಊರುಗಳಲ್ಲಿ ಸತ್ತವರು ಅಷ್ಟು ಸುಲಭಕ್ಕೆ ಜಾಗ ಖಾಲಿ ಮಾಡುವುದಿಲ್ಲ. ವರ್ಷಕ್ಕೊಮ್ಮೆ, ಹಿಮ ಕರಗಿ ಬೀದಿಯೆಲ್ಲ ಕೆಸರಾಗುವ ಕಾಲಕ್ಕೆ, ದೊಡ್ಡ ದಿನದ ವಾರದಲ್ಲಿ ಅವರು ಮನೆಗೆ ಬರುತ್ತಾರೆ. ಮೈ ತೊಳೆದುಕೊಳ್ಳುತ್ತಾರೆ, ಉಣ್ಣುತ್ತಾರೆ, ತಾವಿಲ್ಲದೆ ಮನೆ ಹೇಗೆ ನಡೆದಿದೆ ಎಂದು ಸುತ್ತ ಕಣ್ಣಾಡಿಸಿ ಹೋಗುತ್ತಾರೆ. ಬರುವ ನೆಂಟರ ಮುಂದೆ ಮನೆ ಒಪ್ಪವಾಗಿರಬೇಕಲ್ಲ? ಹಾಗಾಗಿ ಆ ವಾರ ಇಡೀ ಊರಿಗೆ ಊರೇ ಕಸಬರಿಗೆ ಹಿಡಿದಿರುತ್ತದೆ.

ಸವತಿಯ ಹೆಸರು ಮೆನ್ಸುಲು. ಶುಮಾತನ ಮೊದಲ ಹೆಂಡತಿ. ಒಂದು ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಒಯ್ಯುತ್ತಿದ್ದ ಕುದುರೆಗಾಡಿ ಹಿಮದಲ್ಲಿ ಹೂತು ನಿಂತಿತು. ಅಲ್ಲೇ ದಾರಿಯಲ್ಲೇ ಉಸಿರು ಹೋಯಿತು. ಮನೆಯಲ್ಲಿ ಇನ್ನೂ ಎದೆಹಾಲು ಬಿಡದ ಹೆಣ್ಣುಮಗು. ಹೆಸರು ಫ್ಲೂರಾ.

ಯಾಲ್ಚೆ ನದಿಯಾಚೆಯ ಊರಿನವಳು. ಸಾಮೂಹಿಕ ಫಾರ್ಮಿನ ಕರುಗಳ ಕೊಟ್ಟಿಗೆಯಲ್ಲಿ ಅವಳ ಕೆಲಸ. ಎತ್ತರದ ಆಳು, ಅಗಲವಾದ ಭುಜ, ಕೊಟ್ಟಿಗೆಯ ಈ ತುದಿಯಲ್ಲಿ ಮಾತಾಡಿದರೆ ಆ ತುದಿಗೆ ಕೇಳುವ ಗಂಟಲು. ಮದುವೆಯ ವಯಸ್ಸು ಮೀರಿತೆಂದು ಮನೆಯವರು ಕೈಚೆಲ್ಲಿ ಕೂತಿದ್ದರು. ಹೆಣ್ಣು ನೋಡಲು ಬಂದ ಶುಮಾತ್, ಅವಳು ಎಳೆಗರುವೊಂದನ್ನು ಹೆಗಲ ಮೇಲೆ ಹಾಕಿಕೊಂಡು ಬರುವುದನ್ನು ಕಂಡು, "ಇವಳಾದ್ರೆ ಬದುಕ್ತಾಳೆ" ಅಂದನಂತೆ. ಇಂಥ ಮಾತಿಗೆ ಯಾವ ಹೆಣ್ಣಾದರೂ ನಾಚಿ ಕೆಂಪಾಗುತ್ತಾಳೆಯೇ? ಯಾಲ್ಚೆ ಆದಳು.

ಮದುವೆಯಾಗಿ ಬಂದ ಮೊದಲ ವಸಂತದಲ್ಲೇ ಅತ್ತೆ ಅವಳನ್ನು ಬಾಗಿಲ ಪಕ್ಕದ ಹಲಗೆಯ ಮುಂದೆ ನಿಲ್ಲಿಸಿದಳು. ಹಲಗೆಯ ಮೇಲೆ ಹಿರಿಯರ ಹೆಸರಿನ ಜೇನುಮೇಣದ ಬತ್ತಿಗಳು ಉರಿಯುತ್ತಿದ್ದವು, ಕೆಳಗೆ ಮರದ ಬಟ್ಟಲು. ಅತ್ತೆ ಅವಳ ಕೈಗೆ ಒಂದು ಬಿಸಿ ಮೆಲ್ನಾ ಕೊಟ್ಟಳು. ಹಿಟ್ಟು, ಓಟ್ಸ್, ಹುಳಿಕೆನೆ, ಹೀಗೆ ಒಂದರ ಮೇಲೊಂದು ಹಚ್ಚಿ ಒಲೆಯಲ್ಲಿ ಸುಟ್ಟ ಮೂರು ಪದರದ ದೋಸೆ ಅದು. ಅದಿಲ್ಲದೆ ನಮ್ಮ ಹಿರಿಯರು ಊಟಕ್ಕೇ ಕೂರುವುದಿಲ್ಲ.

"ಅವಳ ಒಲೆ, ಅವಳ ಮಗು, ಅವಳ ಗಂಡ," ಅಂದಳು ಅತ್ತೆ. "ಕೇಳ್ಕೊಂಡು ಒಳಗೆ ಬಾ ತಾಯಿ."

ಯಾಲ್ಚೆ ಒಂದು ಚೂರು ಮುರಿದು ಬಟ್ಟಲಿಗೆ ಹಾಕಿ, "ಮೆನ್ಸುಲು ಅಕ್ಕಾ, ನಿನಗೆ ಮುಟ್ಟಲಿ," ಅಂದಳು. ಮೊದಲು ಬಂದವಳು ಅಕ್ಕ. ಅದರಲ್ಲಿ ಯೋಚಿಸುವುದೇನೂ ಇರಲಿಲ್ಲ. ಅಂದಿನಿಂದ ವರ್ಷ ವರ್ಷವೂ ಅದೇ ಮಾತು. ಅಕ್ಕನಿಂದ ಅವಳಿಗೇನೂ ತೊಂದರೆಯಾಗಲಿಲ್ಲ. ವರ್ಷವೆಲ್ಲ ಗಂಡ ನನ್ನವನು, ಒಂದು ಸಂಜೆ ಅವಳವನು. ಇದರಲ್ಲಿ ನಷ್ಟವೇನು ಬಂತು ಎಂದು ಅವಳ ಲೆಕ್ಕ. ಅವಳ ಹೊಟ್ಟೆಯಲ್ಲಿ ಮಕ್ಕಳು ಹುಟ್ಟಲಿಲ್ಲ. ಅದಕ್ಕೆ ಅತ್ತೆ ಒಂದಷ್ಟು ದಿನ ನಿಟ್ಟುಸಿರು ಬಿಟ್ಟಳು. ಯಾಲ್ಚೆ ಬಿಡಲಿಲ್ಲ. ಫ್ಲೂರಾ ಅವಳ ಸೆರಗು ಹಿಡಿದು ನಡೆಯಲು ಕಲಿತಳು, ಅವಳ ದೊಡ್ಡ ಗಂಟಲನ್ನೂ ಕಲಿತಳು, ಅವಳನ್ನೇ ಅವ್ವ ಎಂದಳು. ಹಲಗೆಯ ಮೇಲಿನ ಬತ್ತಿಗೂ ಅವ್ವ ಎಂದಳು. ಎರಡಕ್ಕೂ ಮನೆಯಲ್ಲಿ ಜಾಗವಿತ್ತು.

ಶುಮಾತ್ ಜೇನು ಸಾಕುತ್ತಿದ್ದ. ಜೇನಿನ ಜೊತೆ ಎಷ್ಟು ಮೆತ್ತಗೆ ಮಾತಾಡುತ್ತಿದ್ದನೋ ಮನುಷ್ಯರ ಜೊತೆ ಅಷ್ಟೇ ಒರಟು. ಸೂಪಿಗೆ ಉಪ್ಪು ಸಾಲದು, ಬಚ್ಚಲಿನ ಶಾಖ ಸಾಲದು, ಕೈಗವಸು ಹೊಲಿದದ್ದು ಸರಿಯಿಲ್ಲ. ಗೊಣಗುತ್ತಲೇ ಸೂಪನ್ನು ತಳ ಕಾಣುವವರೆಗೆ ಕುಡಿಯುತ್ತಿದ್ದ. ಯಾಲ್ಚೆ ಗೊಣಗಾಟವನ್ನು ಮಳೆಯ ಸದ್ದಿನಂತೆ ಕೇಳಿಸಿಕೊಂಡೂ ಕೇಳಿಸಿಕೊಳ್ಳದೆ ಬಾಳಿದಳು. ಹೋದ ಶರತ್ಕಾಲದಲ್ಲಿ, ಜೇನುಪೆಟ್ಟಿಗೆಗಳನ್ನೆಲ್ಲ ಚಳಿಗೆಂದು ನೆಲಮಾಳಿಗೆಗೆ ಇಳಿಸಿದ ಮೇಲೆ, ಬೆಂಚಿನ ಮೇಲೆ ಕೂತವನು ಕೂತಲ್ಲೇ ಹೋದ. ಎಪ್ಪತ್ತು ದಾಟಿತ್ತು. ನರಳಲಿಲ್ಲ, ನರಳಿಸಲಿಲ್ಲ. ಯಾಲ್ಚೆ ಅತ್ತಳು, ಅತ್ತು ಮುಗಿಸಿದಳು, ಹಸುವಿಗೆ ಹುಲ್ಲು ಹಾಕಿದಳು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ನಲವತ್ತನೆಯ ದಿನದ ತನಕ.

ನಲವತ್ತನೆಯ ದಿನ ಸತ್ತವನ ಬಟ್ಟೆಯನ್ನು ಅವನ ಗೆಳೆಯನೊಬ್ಬ ತೊಡುತ್ತಾನೆ. ತೊಟ್ಟ ಮೇಲೆ ಅವನು ಅವನಲ್ಲ, ಸತ್ತವನೇ. ಅವನನ್ನು ಮೇಜಿನ ಮೊದಲ ಜಾಗದಲ್ಲಿ ಕೂರಿಸಿ ಉಣಿಸುತ್ತಾರೆ, ಕ್ಷೇಮ ವಿಚಾರಿಸುತ್ತಾರೆ, ಕುಣಿಸಿ ಕಳಿಸಿಕೊಡುತ್ತಾರೆ. ಶುಮಾತನ ಕುರಿಚರ್ಮದ ಕೋಟು ತೊಟ್ಟವನು ಪಕ್ಕದ ಮನೆಯ ಪಯ್ದುಶ್. ಚಿಕ್ಕಂದಿನ ಗೆಳೆಯ, ಯಾಲ್ಚೆಯನ್ನು ಅತ್ತಿಗೆ ಎನ್ನುವವನು, ಸಾವಿನ ಮನೆಯಲ್ಲೂ ಬಾಯಿಗೆ ಬೀಗ ಹಾಕಲಾರದವನು. ಆದರೆ ಕೋಟು ತೊಟ್ಟು ಒಳಗೆ ಬಂದಾಗ ಭುಜ ಇಳಿಬಿಟ್ಟ ರೀತಿ, ಕೆಮ್ಮಿದ ರೀತಿ ನೋಡಿ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಹೇಗಿದ್ದೀಯಾ ಶುಮಾತ್? ಅಲ್ಲಿ ಚಳಿ ಉಂಟಾ?" ಎಂದು ಯಾರೋ ಕೇಳಿದರು.

"ಇಲ್ಲ. ಬೆಚ್ಚಗಿದ್ದೀನಿ."

"ಒಬ್ಬನೇ ಇದ್ದೀಯಾ?"

"ಒಬ್ಬನೇ ಯಾಕೆ? ನಾನು ಹೋಗೋಷ್ಟರಲ್ಲಿ ಮೆನ್ಸುಲು ಗೇಟಿನ ಹತ್ರ ಬಂದು ನಿಂತಿದ್ಲು. ಕೈ ಹಿಡ್ಕೊಂಡು ಮನೆಗೆ ಕರ್ಕೊಂಡು ಹೋದ್ಲು."

ಸೇರಿದವರೆಲ್ಲ ಸಮಾಧಾನದಿಂದ ತಲೆಯಾಡಿಸಿದರು. ಯಾಲ್ಚೆಯ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು.

ಅಲ್ಲಿಂದ ಶುರುವಾಯಿತು. ಹಗಲು ಕೆಲಸ ಮಾಡುವಾಗ ಇಲ್ಲದ್ದು, ಒಬ್ಬಳೇ ಚಹಾ ಕುಡಿಯುವಾಗ ಬಂದು ಎದುರಿಗೆ ಕೂರುತ್ತಿತ್ತು. ಆ ಲೋಕದಲ್ಲೂ ಮನೆ, ಒಲೆ, ಹೊಲ ಎಲ್ಲ ಇಲ್ಲಿಯ ಹಾಗೆಯೇ ಎಂದು ಅವಳು ತಾಯಿಯ ಮಡಿಲಲ್ಲೇ ಕಲಿತಿದ್ದಳು. ಹಾಗಾದರೆ ಆ ಮನೆಯ ಯಜಮಾನಿ ಮೆನ್ಸುಲು. ಗಂಡ ಅವಳ ಮನೆ ಸೇರಿಕೊಂಡ, ಬೆಚ್ಚಗಿದ್ದಾನಂತೆ. ನಾಳೆ ನಾನು ಹೋದರೆ ಯಾವ ಗೇಟಿಗೆ ಹೋಗಬೇಕು? ನನಗೆ ಬಾಗಿಲು ತೆಗೆಯುವವರು ಯಾರು? ತವರಿನವರ ಹಲಗೆಯಲ್ಲಿ ನನ್ನ ಹೆಸರಿಲ್ಲ, ಇಲ್ಲಿ ಅಕ್ಕಪಕ್ಕ ನಿಲ್ಲುವ ಗಂಡ ಹೆಂಡಿರ ಬತ್ತಿಗಳು ಆಗಲೇ ಎರಡಾಗಿವೆ. ಇಷ್ಟು ವರ್ಷ ಆ ಮುದುಕನ ಕಾಲುಚೀಲ ಒಣಗಿಸಿದ್ದು, ಬೆನ್ನಿಗೆ ಮುಲಾಮು ಹಚ್ಚಿದ್ದು ಎಲ್ಲ ಬಾಡಿಗೆ ಮನೆಗೆ ಸುಣ್ಣ ಹೊಡೆದ ಹಾಗಾಯಿತಲ್ಲ ಎಂದು ಅವಳಿಗೆ ಹೊಟ್ಟೆ ಉರಿಯಿತು. ಸತ್ತವಳ ಮೇಲೆ ಹೊಟ್ಟೆಕಿಚ್ಚೇ ಎಂದು ನಾಚಿಕೆಯೂ ಆಯಿತು. ನಾಚಿಕೆಯಿಂದ ಉರಿಯೇನೂ ಕಡಿಮೆಯಾಗಲಿಲ್ಲ.

ಒಂದು ದಿನ ಬಾವಿಯ ಹತ್ತಿರ ಪಯ್ದುಶ್ ಸಿಕ್ಕಿದಾಗ ಅವನನ್ನು ಅಡ್ಡಗಟ್ಟಿದಳು.

"ಏನೋ ಪಯ್ದುಶ್, ಆವತ್ತು ಗೇಟು ಅಂದೆ, ಕೈ ಹಿಡ್ಕೊಂಡ್ಲು ಅಂದೆ. ನಿನಗೆ ಯಾರೋ ಹೇಳಿದ್ದು?"

"ಅತ್ತಿಗೆ, ನಾನೆಲ್ಲಿ ಹೇಳಿದೆ? ಹೇಳಿದ್ದು ಕೋಟು."

"ಕೋಟಿಗೆ ನಾನೇ ಗುಂಡಿ ಹೊಲ್ದಿರೋದು. ಅದು ನನ್ನ ವಿಷಯ ಒಂದು ಮಾತೂ ಎತ್ತಲಿಲ್ವಲ್ಲ?"

"ನೀವು ಎದುರಿಗೇ ಸೌಟು ಹಿಡ್ಕೊಂಡು ನಿಂತಿದ್ರಿ. ಸೌಟು ನೋಡಿದ್ರೆ ಅವನಿಗೆ ಬದುಕಿದ್ದಾಗಲೂ ಮಾತು ಬರ್ತಿರಲಿಲ್ಲ," ಎಂದು ನಕ್ಕು, ಬಿಂದಿಗೆ ಎತ್ತಿಕೊಂಡು ಜಾಗ ಬಿಟ್ಟ. ಅವಳಿಗೆ ನಗು ಬಂತು, ಮುಳ್ಳು ಮಾತ್ರ ಇದ್ದಲ್ಲೇ ಇತ್ತು.

ಹೀಗಿರುವಾಗ ದೊಡ್ಡ ದಿನದ ವಾರ ಬಂತು. ಅತ್ತೆ ಹೋದ ಮೇಲೆ ಬತ್ತಿ ಹಚ್ಚಿ ಹೆಸರು ಕರೆಯುವುದು ಶುಮಾತನ ಕೆಲಸವಾಗಿತ್ತು. ಈಗ ಮನೆಗೆ ಹಿರಿಯಳು ಯಾಲ್ಚೆ. ಅಟ್ಟದಿಂದ ಹಲಗೆ ಇಳಿಸಿದಳು. ಮರಳು ಹಾಕಿ ಉಜ್ಜಿ ತೊಳೆದು ಒಲೆಯ ಮಗ್ಗುಲಲ್ಲಿ ಒಣಗಿಸಿದಳು. ಬಾಗಿಲ ಪಕ್ಕದ ಗೋಡೆಗೆ, ಮೊಳೆಯ ಹಳೆಯ ತೂತುಗಳಿಗೇ ಸರಿಹೊಂದಿಸಿ ಹೊಡೆದಳು. ಅದರ ಮೇಲೆ ಅತ್ತೆ ಕಸೂತಿ ಹಾಕಿದ ಬಿಳಿ ವಸ್ತ್ರ ಇಳಿಬಿಟ್ಟಳು. ಬತ್ತಿಗೆ ಮೇಣ ಶುಮಾತನ ಪೆಟ್ಟಿಗೆಗಳದ್ದೇ. ಅಗಸೆನಾರಿನ ದಾರವನ್ನು ಬಿಸಿ ಮೇಣದಲ್ಲಿ ಅದ್ದಿ, ಅಂಗೈಯಲ್ಲಿ ಉರುಳಿಸಿ ಒಂದೊಂದೇ ಬತ್ತಿ ಮಾಡುವಾಗ ಮನೆಯೆಲ್ಲ ಜೇನಿನ ವಾಸನೆ ತುಂಬಿತು. ಅವಳಿಗೆ ಹಾಡು ಬಂತು. ಇಂಥ ಕೆಲಸದಲ್ಲಿ ಯಾಲ್ಚೆಗೆ ಯಾವಾಗಲೂ ಸುಖ. ಮೇಣ ಹದಕ್ಕೆ ಬಂದಾಗ ಸವತಿಯೂ ನೆನಪಾಗುವುದಿಲ್ಲ, ಸಾವೂ ನೆನಪಾಗುವುದಿಲ್ಲ.

ಪಟ್ಟಣದ ಬೇಕರಿಯಲ್ಲಿ ಕೆಲಸ ಮಾಡುವ ಫ್ಲೂರಾ ಗುರುವಾರ ಮಧ್ಯಾಹ್ನದ ಬಸ್ಸಿಗೆ ಬಂದಳು. ಐವತ್ತರ ಹತ್ತಿರದ ಹೆಂಗಸು, ಮುಂಗೂದಲು ಬೆಳ್ಳಗಾಗಿದೆ, ಮಗಳಿಗೆ ಮದುವೆ ಮಾಡಿ ಅತ್ತೆಯಾಗಿದ್ದಾಳೆ. ಬಂದವಳೇ ಬೂಟಿನ ಕೆಸರು ಕೆರೆದು, ತೋಳು ಮಡಚಿ ಹಿಟ್ಟಿಗೆ ಕೈಹಾಕಿದಳು.

"ಅವ್ವ, ಇದೇನು ಹಿಟ್ಟು ಇಷ್ಟು ಗಟ್ಟಿ? ಹಿರಿಯರಿಗೆ ಹಲ್ಲು ಉಂಟೇನು?"

"ನಿಮ್ಮಪ್ಪ ಒಬ್ಬನಿಗೆ ಇಲ್ಲ. ಉಳಿದವರೆಲ್ಲ ಹಲ್ಲಿರುವಾಗಲೇ ಹೋದವರು. ನಾದು, ನಾದು."

ಇಬ್ಬರೂ ಸೇರಿ ಮೆಲ್ನಾ ಸುಟ್ಟರು. ಒಡೆಸಿದ ಹಾಲಿನ ಗಟ್ಟಿಯ ಬಿಲ್ಲೆಗಳಾದವು, ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿದ ಮೊಟ್ಟೆಗಳು ಕೆಂಪಾದವು, ರೈ ಹಿಟ್ಟನ್ನು ಹುಳಿಸಿ ಮಾಡಿದ ಪಾನೀಯ ಕ್ವಾಸ್ ಜಾಡಿಯಲ್ಲಿ ನೊರೆ ಎದ್ದಿತು. ಹಿತ್ತಲಿನ ಬಚ್ಚಲುಮನೆಯ ಒಲೆಗೆ ಕಟ್ಟಿಗೆ ಹಾಕಿ, ಹೊಸ ಸೋಪು, ಟವೆಲ್ಲು, ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು ಇಟ್ಟು, "ಮೊದಲು ನೀವು ಸ್ನಾನ ಮಾಡಿ, ನಾವು ಆಮೇಲೆ," ಎಂದು ಖಾಲಿ ಬಚ್ಚಲಿಗೆ ಹೇಳಿ ಯಾಲ್ಚೆ ಬಾಗಿಲು ಮುಂದೆ ಮಾಡಿದಳು. ಟವೆಲ್ಲು ಎಷ್ಟಿಡಬೇಕೆಂದು ಒಂದು ಗಳಿಗೆ ಯೋಚಿಸಿದ್ದು ನಿಜ. ಗಂಡನದು ಗೂಟದ ಮೇಲೆ, ಸವತಿಯದು ಬೆಂಚಿನ ಕೊನೆಗೆ, ದೂರ ದೂರ.

ಸೂರ್ಯ ಇಳಿಯುವ ಹೊತ್ತಿಗೆ ಹಲಗೆಯ ಮುಂದೆ ನಿಂತರು. ಮೊದಲ ಬತ್ತಿ ಆ ಲೋಕದ ಯಜಮಾನನಿಗೆ, ಎರಡನೆಯದು ಅವನ ಕಾರಭಾರಿಗೆ. ಅವರ ಅಪ್ಪಣೆಯಿಲ್ಲದೆ ಗೇಟು ತೆರೆಯುವುದಿಲ್ಲ. ಆಮೇಲೆ ಮಾವ, ಅತ್ತೆ, ಅವರ ಹಿಂದಿನವರು. ಯಾಲ್ಚೆ ಒಂದೊಂದೇ ಬತ್ತಿಯನ್ನು ಹಚ್ಚಿ, ಬುಡ ಕರಗಿಸಿ ಹಲಗೆಗೆ ಅಂಟಿಸುತ್ತ ಹೋದಳು. ಶುಮಾತನ ಬತ್ತಿ ಕೈಗೆ ಬಂದಾಗ ಒಂದು ಕ್ಷಣ ತಡೆದು, ಅದನ್ನು ಅತ್ತೆ ಮಾವಂದಿರ ನಡುವಿನ ಸಂದಿಯಲ್ಲಿ ತೂರಿಸಿದಳು. ಮೆನ್ಸುಲುವಿನದನ್ನು ಹಲಗೆಯ ಆ ತುದಿಗೆ, ಶುಮಾತ್ ಹುಟ್ಟುವ ಮೊದಲೇ ಸತ್ತ ದೊಡ್ಡತ್ತೆಯ ಪಕ್ಕ ನಿಲ್ಲಿಸಿದಳು.

ಫ್ಲೂರಾ ನೋಡಿದಳು. "ಅವ್ವ, ಅಪ್ಪನ್ನ ಯಾಕೆ ಅಜ್ಜ ಅಜ್ಜಿ ಮಧ್ಯೆ ಸೇರಿಸಿದೆ? ತೊಟ್ಟಿಲ ಕೂಸಾ?"

"ಒಬ್ಬನೇ ಮಗ ಕಣೇ. ಎಷ್ಟು ವರ್ಷದ ಮೇಲೆ ಹೋಗಿದ್ದಾನೆ. ಸ್ವಲ್ಪ ದಿನ ಅವರ ಹತ್ರ ಇರಲಿ."

"ಗಂಡ ಹೆಂಡತಿ ಬತ್ತಿ ಅಕ್ಕಪಕ್ಕ ಇಡ್ಬೇಕಲ್ವಾ?"

"ಹೊಸಬ. ಹೊಸಬರಿಗೆ ಮೊದಲ ವರ್ಷ ಇದೇ ಪದ್ಧತಿ," ಎಂದಳು ಯಾಲ್ಚೆ. ಅಂಥ ಪದ್ಧತಿಯೇನೂ ಇಲ್ಲ. ಆ ಗಳಿಗೆಯಲ್ಲಿ ಹುಟ್ಟಿದ್ದು ಅದು.

ಅಷ್ಟಕ್ಕೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಒಂದು ಸುಳ್ಳು ಗೆದ್ದ ಮೇಲೆ ಕೈ ಸುಮ್ಮನಿರುತ್ತದೆಯೇ? ಒಂದು ಮನೆಯ ಹಿರಿಯರು ಒಂದೇ ಬಟ್ಟಲಿನಲ್ಲಿ ಉಣ್ಣುತ್ತಾರೆ. ಹೆಸರು ಹೇಳಿ ಮುರಿದ ಚೂರುಗಳೆಲ್ಲ ಆ ಒಂದರಲ್ಲೇ ಬೀಳಬೇಕು. ಯಾಲ್ಚೆ ಎರಡು ಬಟ್ಟಲು ಇಟ್ಟಿದ್ದಳು. ದೊಡ್ಡದರಲ್ಲಿ ಎಲ್ಲರ ಪಾಲು, ಶುಮಾತನದೂ ಸೇರಿ. ಚಿಕ್ಕದರಲ್ಲಿ ಮೆನ್ಸುಲುವಿಗೆ ಬೇರೆ. ಅದರಲ್ಲಿ ಜಿಪುಣತನ ಮಾಡಲಿಲ್ಲ ಎನ್ನಬೇಕು. ಬೆಣ್ಣೆಯ ಭಾಗವನ್ನೇ ಮುರಿದು ಹಾಕಿದಳು. ಉಣ್ಣಲಿ, ಹೊಟ್ಟೆ ತುಂಬ ಉಣ್ಣಲಿ, ಬೇರೆ ಕೂತು ಉಣ್ಣಲಿ.

"ಮೆನ್ಸುಲು ಅಕ್ಕಾ, ನಿನಗೆ ಮುಟ್ಟಲಿ," ಎಂದಳು. ಫ್ಲೂರಾ ತನ್ನ ಚೂರು ಹಾಕಿ, "ಅವ್ವಾ, ಮುಟ್ಟಲಿ," ಎಂದಳು. ಒಮ್ಮೆ ಎರಡನೆಯ ಬಟ್ಟಲನ್ನೂ ಒಮ್ಮೆ ಯಾಲ್ಚೆಯ ಮುಖವನ್ನೂ ನೋಡಿದಳು. ಯಾಲ್ಚೆ ಕ್ವಾಸ್ ಸುರಿಯುವುದರಲ್ಲಿ ಮಗ್ನಳಾದಂತೆ ನಟಿಸಿದಳು.

ಹಿರಿಯರ ಪಾಲನ್ನು ಕೊನೆಗೆ ಅಂಗಳಕ್ಕೆ ಒಯ್ದು ನಾಯಿಗಳಿಗೆ ಹಾಕುವುದು. ನಾಯಿ ತಿಂದರೆ ಹಿರಿಯರು ತಿಂದಂತೆ. ಜಗಳವಿಲ್ಲದೆ ತಿಂದರೆ ಅಲ್ಲಿ ಎಲ್ಲರೂ ಸುಖ; ಕಚ್ಚಾಡಿದರೆ ಅಲ್ಲೂ ಕಚ್ಚಾಟ. ಆ ಸಂಜೆ ಇಡೀ ಬೀದಿ ಕಿವಿ ನೆಟ್ಟಗೆ ಮಾಡಿಕೊಂಡು ಯಾರ ಮನೆಯ ನಾಯಿ ಗುರ್ ಎನ್ನುತ್ತದೆಂದು ಆಲಿಸುತ್ತಿರುತ್ತದೆ. ನಿಜ ಹೇಳಬೇಕೆಂದರೆ ಯಾಲ್ಚೆ ಚಳಿಗಾಲವೆಲ್ಲ ಕಾಯುತ್ತಿದ್ದದ್ದು ಈ ಗಳಿಗೆಗೇ. ಸುಖವಾಗಿರಿ ಎಂದು ಹೇಳಬೇಕಾದ ಬಾಯಿ ಅವಳದು; ಒಂದೇ ಒಂದು ಸಲ ಗುರ್ ಅಂದರೂ ಸಾಕಪ್ಪಾ ಎನ್ನುವ ಮನಸ್ಸೂ ಅವಳದೇ.

ಮನೆಯ ಕರಿನಾಯಿ ಮತ್ತು ಪಯ್ದುಶನ ಹಳದಿ ನಾಯಿ ಆಗಲೇ ಬಾಲ ಅಲ್ಲಾಡಿಸುತ್ತ ನಿಂತಿದ್ದವು. ಎರಡೂ ಒಂದೇ ಅಂಗಳದಲ್ಲಿ ಬೆಳೆದವು, ಒಂದರ ಮೈಮೇಲೆ ಇನ್ನೊಂದು ಮಲಗುವವು. ಯಾಲ್ಚೆ ದೊಡ್ಡ ಬಟ್ಟಲನ್ನು ಇಲ್ಲಿ ಸುರಿದಳು, ಚಿಕ್ಕದನ್ನು ನಾಲ್ಕು ಹೆಜ್ಜೆ ಆಚೆ ಸುರಿದಳು. ಕರಿನಾಯಿ ದೊಡ್ಡದಕ್ಕೆ ಬಾಯಿ ಹಾಕಿತು. ಹಳದಿಯದು ಚಿಕ್ಕದಕ್ಕೆ. ಎರಡು ತುತ್ತು ತಿಂದ ಕರಿಗೆ ಆ ಕಡೆಯ ಬೆಣ್ಣೆಯ ವಾಸನೆ ಬಡಿಯಿತು. ತನ್ನದನ್ನು ಬಿಟ್ಟು ಅಲ್ಲಿಗೆ ಹೋಯಿತು. ಹಳದಿ ಹಲ್ಲು ತೋರಿಸಿತು. ಮರುಕ್ಷಣ ಅಂಗಳದಲ್ಲಿ ರಂಪವೋ ರಂಪ: ಕೆಸರು ಹಾರಿತು, ಕೋಳಿಗಳು ಗೂಡಿನೊಳಗೇ ಕಿರುಚಿಕೊಂಡವು, ಹಳದಿ ನಾಯಿ ಕರಿಯದರ ಕಿವಿ ಹಿಡಿದು ಎಳೆದಾಡಿತು.

ಬೇಲಿಯ ಮೇಲೆ ಪಯ್ದುಶನ ಟೋಪಿ ಮೂಡಿತು. "ಯಾರ್ ಮನೇದು ಈ ಜಗಳ? ಓ, ನಮ್ಮ ಶುಮಾತಂದಾ!"

"ನಿನ್ನ ನಾಯಿನ ಕರ್ಕೊಳ್ಳೋ ಮೊದಲು!" ಎಂದು ಕೂಗಿದಳು ಯಾಲ್ಚೆ. ಕೂಗಿದಳೇ ಹೊರತು, ಹೊಟ್ಟೆಯೊಳಗೆ ತಣ್ಣಗೆ ಮಜ್ಜಿಗೆ ಕುಡಿದಂತಾಗಿತ್ತು. ತುಟಿಯಂಚಿನಲ್ಲಿ ನಗು ಬಂದದ್ದನ್ನು ಅವಳು ಸೆರಗಿನಿಂದ ಒರೆಸಿಕೊಂಡಳು. ಕೈ ಹಿಡ್ಕೊಂಡು ಕರ್ಕೊಂಡು ಹೋದಳಂತೆ! ನೋಡಿದಿರಾ?

"ಅದೇನ್ ಆಗಿದೆ ಗೊತ್ತಾ ಅತ್ತಿಗೆ?" ಪಯ್ದುಶ್ ಬೇಲಿಗೆ ಎರಡೂ ಮೊಣಕೈ ಊರಿ ಸುಖವಾಗಿ ನಿಂತ. "ಮೆನ್ಸುಲು ಹೋದಾಗ ಅವಳಿಗೆ ಇಪ್ಪತ್ತೆರಡು. ಅಲ್ಲಿ ವಯಸ್ಸಾಗೋದುಂಟೇ? ಆ ಹುಡುಗಿ ಬಾಗಿಲು ತೆಗೀತಾಳೆ, ಎದುರಿಗೆ ಯಾರು? ಬೊಕ್ಕ ಬಾಯಿ, ಬೋಳು ತಲೆ, ಗೊಣಗೊಣ. 'ಯಾರಜ್ಜ ನೀನು? ಯಾರ ಮನೆ ಬೇಕು?' ಅಂದಿರ್ತಾಳೆ. ಇವನು 'ನಿನ್ನ ಗಂಡ ಕಣೇ' ಅಂದಿರ್ತಾನೆ. ಅವಳು ಹೆದ್ರಿ ಬಾಗಿಲು ಹಾಕ್ಕೊಂಡಿರ್ತಾಳೆ!"

ಬೀದಿಯ ಆ ಕಡೆಯಿಂದಲೂ ಯಾರೋ ನಕ್ಕರು. ಫ್ಲೂರಾ ನಕ್ಕಳು. ಯಾಲ್ಚೆಯೂ ಭುಜ ಕುಲುಕಿಸಿ, ಕೊಟ್ಟಿಗೆಯ ಕಾಲದ ಗಂಟಲಿನಲ್ಲಿ ನಕ್ಕಳು. ನಗುತ್ತ ನಗುತ್ತಲೇ ನಗು ನಿಂತಿತು. ಕಣ್ಣು ಕೆಸರಿನ ಮೇಲಿತ್ತು. ನಾಯಿಗಳ ತುಳಿತಕ್ಕೆ ಸಿಕ್ಕಿ ಹಿರಿಯರ ಪಾಲು ಮಣ್ಣಾಗಿತ್ತು. ಯಾರಿಗೂ ಏನೂ ಮುಟ್ಟಿರಲಿಲ್ಲ.

ಇಪ್ಪತ್ತೆರಡು. ಇಷ್ಟು ವರ್ಷ ಹಲಗೆಯ ಮುಂದೆ ನಿಂತು ಅಕ್ಕ ಎಂದವಳು, ತನ್ನ ಜೊತೆ ಆ ಅಕ್ಕನೂ ಮುದುಕಿಯಾಗುತ್ತ ಬಂದಳೆಂದೇ ತಿಳಿದಿದ್ದಳು. ತನ್ನಷ್ಟೇ ಎತ್ತರದ, ತನಗಿಂತ ಗಟ್ಟಿ ಗಂಟಲಿನ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಹಿರಿಯ ಯಜಮಾನಿಯೊಬ್ಬಳನ್ನು ಎದುರಿಗೆ ನಿಲ್ಲಿಸಿಕೊಂಡು ಚಳಿಗಾಲವೆಲ್ಲ ಜಗಳವಾಡಿದ್ದಳು. ಅಂಥವಳು ಅಲ್ಲಿ ಇರಲೇ ಇಲ್ಲ. ಇದ್ದದ್ದು ಎಳೆಗೂಸನ್ನು ಬಿಟ್ಟು ಹಿಮದ ದಾರಿಯಲ್ಲಿ ಹೋದ ಒಂದು ಹುಡುಗಿ. ಫ್ಲೂರಾಳ ಮಗಳಿಗೇ ಈಗ ಇಪ್ಪತ್ತೈದು. ಅವಳಿಗೆ ಇನ್ನೂ ಸೂಪು ಸೀಯದಂತೆ ಕುದಿಸಲು ಬರುವುದಿಲ್ಲ. ಅಂಥ ಹುಡುಗಿಯ ಬಾಗಿಲಲ್ಲಿ ಶುಮಾತ್. ಅವನ ಗೊಣಗಾಟ ಹೊಟ್ಟೆಯಿಂದ ಬಂದದ್ದಲ್ಲ, ಬಾಯಿಂದ ಬಂದದ್ದಷ್ಟೇ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಎರಡು ಮಾತಿಗೆ ಅಳುತ್ತ ಕೂರುತ್ತಾಳೆ. ಇವನು ಹಸಿದುಕೊಂಡು ಇನ್ನೊಂದು ಮೂಲೆಯಲ್ಲಿ ಕೂರುತ್ತಾನೆ. ಕೇಳಿ ಹಾಕಿಸಿಕೊಂಡು ಉಂಡವನಲ್ಲ ಅವನು. ಯಾಲ್ಚೆ ಕೈಯಲ್ಲಿದ್ದ ಎರಡು ಬಟ್ಟಲುಗಳನ್ನು ನೋಡಿದಳು. 'ನಾನು ಮಾಡಿದ್ದೇನು? ಇದ್ದ ಒಂದು ಬಟ್ಟಲನ್ನೂ ಎರಡು ಮಾಡಿದೆನಲ್ಲ!'

"ಫ್ಲೂರಾ, ಬಾ ಒಳಗೆ. ಬತ್ತಿ ಆರೋಕೆ ಮುಂಚೆ ಬಾ."

"ಏನಾಯ್ತವ್ವಾ?"

"ತಪ್ಪಾಯ್ತು ಕಣೇ. ಬಾ."

ಬತ್ತಿಗಳು ಇನ್ನೂ ಅರ್ಧ ಉಳಿದಿದ್ದವು. ಯಾಲ್ಚೆ ಅತ್ತೆ ಮಾವಂದಿರ ನಡುವಿನಿಂದ ಶುಮಾತನ ಬತ್ತಿಯನ್ನು ಬೆರಳು ಸುಟ್ಟರೂ ಬಿಡದೆ ಕಿತ್ತಳು. ಹಲಗೆಯ ತುದಿಗೆ ಒಯ್ದು ಮೆನ್ಸುಲುವಿನ ಬತ್ತಿಯ ಪಕ್ಕದಲ್ಲೇ ಅಂಟಿಸಿದಳು. ದೊಡ್ಡ ಬಟ್ಟಲು ತೊಳೆದು ತಂದು ಕೆಳಗಿಟ್ಟಳು. ಹೊಸ ಮೆಲ್ನಾ ತೆಗೆದುಕೊಂಡು ಎಲ್ಲರ ಹೆಸರನ್ನೂ ಮೊದಲಿನಿಂದ ಹೇಳಿ ಎಲ್ಲರಿಗೂ ಮುರಿದು ಹಾಕಿದಳು. ಮೆನ್ಸುಲುವಿನ ಸರದಿ ಬಂದಾಗ, ಅಕ್ಕ ಎಂಬ ಮಾತು ಅಭ್ಯಾಸದಿಂದ ನಾಲಗೆಯ ತುದಿಗೆ ಬಂದು ಅಲ್ಲೇ ನಿಂತಿತು.

"ಏ ಹುಡುಗಿ," ಎಂದಳು. "ಕೇಳು ಇಲ್ಲಿ. ಹೆದರಬೇಡ. ನಿನ್ನ ಬಾಗಿಲಲ್ಲಿ ನಿಂತಿದ್ದಾನಲ್ಲ ಮುದುಕ, ಅವನು ಶುಮಾತನೇ. ನಿನ್ನ ಶುಮಾತನೇ. ನನಗೆ ಕೊಟ್ಟಾಗ ಹೊಸದಾಗಿದ್ದ, ಇಷ್ಟು ವರ್ಷ ಇಟ್ಕೊಂಡು ಹಳೇದು ಮಾಡಿ ವಾಪಸ್ ಕಳಿಸಿದ್ದೀನಿ, ತಪ್ಪು ತಿಳೀಬೇಡ. ಎಡಗಿವಿ ಕೇಳಲ್ಲ, ಬಲಗಡೆ ನಿಂತು ಮಾತಾಡು. ಬೆಳಿಗ್ಗೆ ಎದ್ದ ತಕ್ಷಣ ಏನೂ ಕೇಳಬೇಡ, ಮೊದಲು ಚಹಾ ಕೊಡು. ಸೂಪಿಗೆ ಉಪ್ಪಿಲ್ಲ ಅಂತಾನೆ. ಅನ್ನಲಿ ಬಿಡು, ಡಾಕ್ಟರು ಬೇಡ ಅಂದಿದ್ರು. ಅಲ್ಲಿ ಹಾಕಬಹುದೋ ಏನೋ ನನಗೆ ಗೊತ್ತಿಲ್ಲ, ನೋಡ್ಕೊಂಡು ಹಾಕು. ಹಸಿವಾದ್ರೆ ಬಾಯಿಬಿಟ್ಟು ಕೇಳಲ್ಲ, ಬಡಿಸಿಟ್ಟು ಆ ಕಡೆ ಹೋಗಿಬಿಡು, ತಿಂತಾನೆ. ಗೊರಕೆ ಹೊಡೆದ್ರೆ ಪಕ್ಕಕ್ಕೆ ಹೊರಳಿಸು. ಬಯ್ದ ಅಂತ ಅಳಬೇಡ. ಬಯ್ತಾನೆ, ಆದ್ರೆ ನನ್ನ ಮೇಲೆ ಒಂದು ದಿನ ಕೈ ಎತ್ತಿಲ್ಲ, ನಿನ್ನ ಮಗೂನ ಒಂದು ದಿನ ಅಳಿಸಿಲ್ಲ."

ಉಸಿರಿಗೆಂದು ನಿಂತಳು. ಬತ್ತಿಯ ಮೇಣ ಇಳಿದು ಎರಡು ಬುಡಗಳೂ ಅಂಟಿಕೊಳ್ಳುತ್ತಿದ್ದವು. ಹಿಂದೆ ಫ್ಲೂರಾ ಮೂಗು ಎಳೆದುಕೊಂಡದ್ದು ಕೇಳಿಸಿತು.

"ನಾನು ಬಂದಾಗ ಒಂದು ಮೂಲೆ ಕೊಡ್ತೀಯಾ ಅಂತ ಕೇಳ್ಬೇಕು ಅಂದ್ಕೊಂಡಿದ್ದೆ ನಿನ್ನನ್ನ. ಚಳಿಗಾಲವೆಲ್ಲ ಅದೇ ಯೋಚನೆ ನನಗೆ. ಈಗ ಕೇಳಲ್ಲ. ನಿನಗೇನು ಗೊತ್ತು ಮನೆ ನಡೆಸೋದು, ಪಾಪ? ಯಾರು ಕಲಿಸಿದ್ರು ನಿನಗೆ? ನಾನೇ ಬರ್ತೀನಿ. ಈಗಲೇ ಅಲ್ಲ, ಹಸು ಗಬ್ಬ ಇದೆ, ಇಲ್ಲೂ ಕೆಲಸ ಉಂಟು. ಬರೋ ಕಾಲಕ್ಕೆ ಬಂದು ನಿಮ್ಮಿಬ್ಬರನ್ನೂ ನೋಡ್ಕೋತೀನಿ. ಅಲ್ಲೀ ತನಕ ಅವನ ಜೊತೆ ಹೇಗೋ ಸುಧಾರಿಸು."

ಮೆಲ್ನಾದ ನಡುವಿನ ಮೆತ್ತಗಿನ ಚೂರನ್ನು ಮುರಿದು ಬಟ್ಟಲಿಗೆ ಹಾಕಿದಳು. "ಮುಟ್ಟಲಿ, ಮಗಳೇ," ಎಂದಳು.

ಈಗ ಫ್ಲೂರಾಳ ಸರದಿ. ಅವಳು ಚೂರು ಮುರಿದು ಕೈಯಲ್ಲಿ ಹಿಡಿದುಕೊಂಡು ನಿಂತಳು. ಬಾಯಿ ತೆರೆದರೆ ಮಾತಿಗೆ ಬದಲು ಅಳುವೇ ಬಂತು. ನೆರೆತ ಮುಂಗೂದಲು ಕಣ್ಣಿನ ಮೇಲೆ ಬಿದ್ದು, ಚಿಕ್ಕ ಮಕ್ಕಳು ಅಳುವಂತೆ ಭುಜ ಅದುರಿಸಿ ಅಳತೊಡಗಿದಳು. ಯಾಲ್ಚೆ ತನ್ನ ಸೆರಗಿನ ತುದಿಯಿಂದ ಅವಳ ಮುಖ ಒರೆಸಿದಳು, ಕೂದಲು ಹಿಂದಕ್ಕೆ ತಳ್ಳಿದಳು.

"ಸಾಕು, ಸುಮ್ನಿರು," ಎಂದಳು. "ದೊಡ್ಡವಳು ನೀನೇ ಹೀಗೆ ಅತ್ತರೆ, ಅಲ್ಲಿ ಚಿಕ್ಕವಳು ಹೆದರ್ತಾಳೆ."